ಎಮಿಷನ್ ಟೆಸ್ಟ್‌ನ ಅಂಕಿ ಆಮೇಲೆ ಎಲ್ಲಿಗೆ ಹೋಗುತ್ತೆ? ಕೆಎ-18 (ಚಿಕ್ಕಮಗಳೂರು) ಕಡೆಯವರು ಬನ್ನಿ

ತೋಟದ ಪಿಕಪ್ (ಆಲ್ದೂರು)

ಎಲ್ಲರಿಗೂ ನಮಸ್ಕಾರ. ಮೊನ್ನೆ ಬೈಕಿಗೂ ಪಿಕಪ್‌ಗೂ ಒಟ್ಟಿಗೇ ಎಮಿಷನ್ ಮಾಡಿಸಿದೆ. ಸರ್ಟಿಫಿಕೇಟ್ ಮಡಚಿ ಡ್ಯಾಶ್‌ಬೋರ್ಡಿಗೆ ತುರುಕೋ ಮುಂಚೆ ಈ ಸಲ ಪೂರ್ತಿ ಓದಿದೆ. ಪಿಕಪ್ 2018ರ ಮಾಡೆಲ್, ಬಿಎಸ್-4 (ಭಾರತ್ ಸ್ಟೇಜ್ ಅನ್ನೋ ಹೊಗೆ ನಿಯಮದ ದರ್ಜೆ) ಡೀಸೆಲ್. ಹೊಗೆ ಎಷ್ಟು ಕಪ್ಪು ಇರಬಹುದು ಅನ್ನೋದರ ಮಿತಿ 1.62, ನಮ್ಮ ಗಾಡಿ ಬಿಟ್ಟಿದ್ದು 0.41. ಖುಷಿಯಾಯ್ತು. ಆದರೆ ಪಕ್ಕದ ತೋಟದವರ ಪಿಕಪ್ 2013ರದ್ದು. ಅದೇ ಸೆಂಟರಿನಲ್ಲಿ ಅದೇ ವಾರ ಮಾಡಿಸಿದ್ದಾರೆ. ಅವರದ್ದೂ 0.41! ಆ ಗಾಡಿ ಏರು ಹತ್ತುವಾಗ ಹಿಂದೆ ಬೈಕಿನಲ್ಲಿ ಹೋದವರಿಗೆ ಗೊತ್ತು ಅದರ ಕಥೆ.

ಸೆಂಟರ್ ಯಾವುದು ಅಂತ ಯಾರೂ ಕೇಳಬೇಡಿ, ಅದು ಮುಖ್ಯ ಅಲ್ಲ. ನನ್ನ ಪ್ರಶ್ನೆ ಬೇರೆ. ಈ 0.41 ಅನ್ನೋದು ಕಂಪ್ಯೂಟರಿಗೆ ಹೋಯಿತಲ್ಲ, ಅಲ್ಲಿಂದ ಮುಂದೆ ಎಲ್ಲಿಗೆ? ಯಾರಾದರೂ ಅದನ್ನು ನೋಡುತ್ತಾರಾ? ಊರಿನ ಗಾಳಿ ಹೇಗಿದೆ ಅಂತ ಲೆಕ್ಕ ಹಾಕೋರಿಗೆ ಅದು ಸಿಗುತ್ತಾ? ಅಥವಾ ಪೊಲೀಸರಿಗೆ ತೋರಿಸೋಕೆ ಮಾತ್ರವಾ?

ಮಳೆನಾಡು ಮಾರಾಯ (ಮೂಡಿಗೆರೆ)

ಪೊಲೀಸರಿಗೆ ತೋರಿಸೋಕೆ ಮಾತ್ರ ಮಾರಾಯ್ರೆ. ಅಷ್ಟು ತಲೆ ಕೆಡಿಸಿಕೊಳ್ಳಬೇಡಿ, ಕಾಳುಮೆಣಸು ಕೊಯ್ಲು ನೋಡಿಕೊಳ್ಳಿ.

ಬ್ರೇಕ್ ಇನ್‌ಸ್ಪೆಕ್ಟರ್ ಅಲ್ಲ (ಚಿಕ್ಕಮಗಳೂರು)

ಹೆಸರು ನೋಡಿ ಆರ್‌ಟಿಓ ಆಫೀಸಿನವನು ಅಂದುಕೊಳ್ಳಬೇಡಿ. ಸಾರಿಗೆ ದಾಖಲೆಗಳ ಕೆಲಸ ಹೊರಗಿನಿಂದ ಮಾಡಿಕೊಡುವವನು. ಗೊತ್ತಿರುವಷ್ಟು ಹೇಳುತ್ತೇನೆ.

ಕೇಂದ್ರ ಮೋಟಾರು ವಾಹನ ನಿಯಮಗಳು 1989ರವು. ಅದರ 115ನೇ ನಿಯಮದಲ್ಲಿ ಹೊಗೆ ತಪಾಸಣೆ ಬರುತ್ತದೆ. ಹೊಸ ಗಾಡಿಗೆ ಮೊದಲ ವರ್ಷ ಬೇಡ. ಆಮೇಲೆ ಹಳೆಯ ಗಾಡಿಗಳಿಗೆ 6 ತಿಂಗಳಿಗೊಮ್ಮೆ, ಬಿಎಸ್-4 ಮತ್ತು ಬಿಎಸ್-6ಕ್ಕೆ ವರ್ಷಕ್ಕೊಮ್ಮೆ. ಮೊದಲೆಲ್ಲ ಒಂದೊಂದು ರಾಜ್ಯದ ಸರ್ಟಿಫಿಕೇಟ್ ಒಂದೊಂದು ಥರ ಇರುತ್ತಿತ್ತು. 2021ರ ಜೂನ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ದೇಶಕ್ಕೆಲ್ಲ ಒಂದೇ ನಮೂನೆ ಮಾಡಿತು. ಕ್ಯುಆರ್ ಕೋಡ್ ಬಂತು. ಮಾಲೀಕರ ಮೊಬೈಲ್ ನಂಬರ್ ಕಡ್ಡಾಯವಾಯಿತು. ಫೇಲಾದ ಗಾಡಿಗೆ ತಿರಸ್ಕಾರದ ಚೀಟಿ ಕೊಡಬೇಕು ಅಂತಲೂ ಆಯಿತು. ಎಲ್ಲಕ್ಕಿಂತ ಮುಖ್ಯ, ಆ ದಾಖಲೆ ರಾಷ್ಟ್ರೀಯ ವಾಹನ ರಿಜಿಸ್ಟರ್‌ಗೆ, ಅಂದರೆ ನಾವು ‘ವಾಹನ್’ ಅನ್ನುತ್ತೇವಲ್ಲ ಅದಕ್ಕೆ, ಜೋಡಣೆಯಾಗಬೇಕು.

ಪರಿವಾಹನ್ ವೆಬ್‌ಸೈಟಿನಲ್ಲಿ ಗಾಡಿ ನಂಬರು, ಚಾಸಿಯ ಕೊನೆಯ 5 ಅಕ್ಷರ ಹಾಕಿದರೆ ನಿಮ್ಮ ಸರ್ಟಿಫಿಕೇಟ್ ಬರುತ್ತದೆ. ಅಂದರೆ ಅಂಕಿ ಅಲ್ಲಿ ಇದೆ. ಕಳೆದು ಹೋಗಿಲ್ಲ.

ಅದನ್ನು ಯಾರು ನೋಡುತ್ತಾರೆ ಅಂದರೆ, ನಾನು ಕಂಡಂತೆ ನೋಡೋದು ಒಂದೇ ಒಂದು ಖಾನೆ. ‘ಯಾವ ದಿನಾಂಕದವರೆಗೆ ಚಾಲ್ತಿ’. ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ಅದು ಬೇಕು, ರಸ್ತೆಯಲ್ಲಿ ಹಿಡಿದರೆ ಅದು ಬೇಕು. 1.62 ಮಿತಿಗೆ 0.41 ಬಂತೋ 1.60 ಬಂತೋ, ಎರಡೂ ಪಾಸ್. ಎರಡಕ್ಕೂ ಬೆಲೆ ಒಂದೇ.

ಮಳೆನಾಡು ಮಾರಾಯ

ನಾನು ಹೇಳಿದ್ದೂ ಅದೇ ಅಲ್ವಾ. ನೀವು ಉದ್ದ ಮಾಡಿ ಹೇಳಿದಿರಿ.

ಹಳೇ ಗ್ಯಾರೇಜು (ಬೇಲೂರು ರಸ್ತೆ)

ನಾನು ಮೆಕ್ಯಾನಿಕ್. ಬರೆಯೋದು ಅಭ್ಯಾಸ ಇಲ್ಲ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಡೀಸೆಲ್ ಟೆಸ್ಟ್ ಹೇಗೆ ಮಾಡಬೇಕು ಅಂತ ಹೇಳುತ್ತೇನೆ, ಆಮೇಲೆ ನಿಮ್ಮ 0.41 ಎಲ್ಲಿಂದ ಬಂತು ನೋಡಿ. ಮೊದಲು ಇಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು. ಗಾಡಿ ನ್ಯೂಟ್ರಲ್‌ನಲ್ಲಿ. ಸೈಲೆನ್ಸರಿಗೆ ಪ್ರೋಬ್, ಅಂದರೆ ಮಿಷಿನ್ನಿಗೆ ಹೊಗೆ ಎಳೆಯೋ ಕೊಳವೆ, ಹಾಕಬೇಕು. ಆಮೇಲೆ ಎಕ್ಸಿಲರೇಟರನ್ನು ಒಂದೇ ಸಲಕ್ಕೆ, ತಡ ಮಾಡದೆ, ತಳ ಮುಟ್ಟುವ ತನಕ ಒತ್ತಬೇಕು. ಇಂಜಿನ್ ಪೂರ್ತಿ ಕೂಗಬೇಕು. ಬಿಡಬೇಕು, ಐಡಲ್‌ಗೆ ಬರೋ ತನಕ ಕಾಯಬೇಕು, ಮತ್ತೆ ಒತ್ತಬೇಕು. ಹೀಗೆ ಹಲವು ಸಲ. ಮೊದಲ ಒತ್ತಿಗೆ ಪೈಪಿನಲ್ಲಿ ಕೂತ ಮಸಿ ಬರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಆಮೇಲಿನವುಗಳ ಸರಾಸರಿ ತೆಗೆಯಬೇಕು.

ನಡೆಯೋದು ಹೀಗೆ. ಡ್ರೈವರ್‌ಗೆ ‘ರೇಸ್ ಮಾಡಿ ಅಣ್ಣ’ ಅನ್ನುತ್ತಾರೆ. ಡ್ರೈವರಿಗೆ ಗಾಡಿ ಮೇಲೆ ಪ್ರೀತಿ. ನಿಧಾನ ಒತ್ತುತ್ತಾನೆ, ಅರ್ಧಕ್ಕೆ ಬಿಡುತ್ತಾನೆ. ನಿಧಾನ ಒತ್ತಿದರೆ ಎಂಥ ಹಳೇ ಇಂಜಿನ್ನೂ ಕಪ್ಪು ಹೊಗೆ ಬಿಡಲ್ಲ. ಪಂಪು ಒಮ್ಮೆಲೇ ಡೀಸೆಲ್ ಸುರಿದಾಗ ಮಾತ್ರ ಗಾಳಿ ಸಾಲದೆ ಕಪ್ಪು ಬರೋದು. ಪೆಟ್ರೋಲ್ ಗಾಡಿಗೂ ಅಷ್ಟೇ. ಪ್ರೋಬು ಸೈಲೆನ್ಸರ್ ಒಳಗೆ ಸುಮಾರು ಒಂದಡಿ ಹೋಗಬೇಕು. ಬಾಯಿಗೆ ಸಿಕ್ಕಿಸಿ ಬಿಟ್ಟರೆ ಹೊರಗಿನ ಗಾಳಿ ಸೇರಿಕೊಂಡು ರೀಡಿಂಗ್ ತೆಳ್ಳಗಾಗುತ್ತದೆ. ಬೈಕಿನ ಸೈಲೆನ್ಸರಿಗಂತೂ ಒಂದಡಿ ಹೋಗೋದೇ ಕಷ್ಟ, ಅದಕ್ಕೆ ಬೇರೆ ಪೈಪ್ ಜೋಡಿಸಬೇಕು. ಜೋಡಿಸಿದ್ದನ್ನು ನೀವು ಕಂಡಿದ್ದೀರಾ?

ಇನ್ನೊಂದು ಮಾತು. ಈ ಟೆಸ್ಟೆಲ್ಲ ಭಾರ ಇಲ್ಲದೆ ನಿಂತಲ್ಲೇ ನಿಂತು ಮಾಡೋದು. ನಮ್ಮ ಗಾಡಿ ಹೊಗೆ ಬಿಡೋದು ಎಲ್ಲಿ? ಕಾಫಿ ಮೂಟೆ ತುಂಬಿಕೊಂಡು ಎರಡನೇ ಗೇರಿನಲ್ಲಿ ಏರು ಹತ್ತುವಾಗ. ಮುಳ್ಳಯ್ಯನಗಿರಿ ಕಡೆ ಮೇಲೆ ಹೋದಂತೆ ಗಾಳಿಯೂ ತೆಳುವಾಗುತ್ತದೆ. ಟರ್ಬೊ ಇಲ್ಲದ ಹಳೇ ಜೀಪುಗಳು ಅಲ್ಲಿ ಜಾಸ್ತಿ ಕಪ್ಪು ಉಗುಳುತ್ತವೆ. ಅದನ್ನು ಅಳೆಯೋ ಮಿಷಿನ್ನು ಊರಲ್ಲಿ ಇರೋ ಸೆಂಟರಿನಲ್ಲಿ ಎಲ್ಲಿಂದ ಬರಬೇಕು.

ತೋಟದ ಪಿಕಪ್

ಅಣ್ಣ, ಅಭ್ಯಾಸ ಇಲ್ಲ ಅಂತ ಹೇಳಿ ಎಲ್ಲರಿಗಿಂತ ಚೆನ್ನಾಗಿ ಬರೆದಿರಿ. ನಮ್ಮ ಗಾಡಿಗೆ ಒತ್ತಿದ್ದು ನಾನೇ. ಅರ್ಧಕ್ಕೇ ‘ಸಾಕು ಸಾಕು’ ಅಂದರು.

ಕಡೂರು ಜಂಕ್ಷನ್ (ಈಗ ಬೆಂಗಳೂರು)

ನಾನು ಅಂಕಿ-ಅಂಶದ ಕೆಲಸದವಳು. ಹಳೇ ಗ್ಯಾರೇಜು ಅಣ್ಣ ಹೇಳಿದ್ದನ್ನು ಸೆಂಟರಿಗೆ ಹೋಗಿಯೇ ಹಿಡಿಯಬೇಕಿಲ್ಲ. ಕೂತಲ್ಲೇ ಹಿಡಿಯಬಹುದು.

ದೆಹಲಿಯಲ್ಲಿ ಇದು ಆಗಿದೆ. ಸಿಎಜಿ, ಅಂದರೆ ಮಹಾಲೇಖಪಾಲರು, ಅಲ್ಲಿನ ವಾಹನ ಮಾಲಿನ್ಯದ ಮೇಲೆ ಮಾಡಿದ ಆಡಿಟ್ ವರದಿ 2025ರ ಏಪ್ರಿಲ್‌ನಲ್ಲಿ ಅಲ್ಲಿನ ವಿಧಾನಸಭೆಯಲ್ಲಿ ಮಂಡನೆಯಾಯಿತು. ಅವರು ಯಾವ ಗಾಡಿಯ ಹಿಂದೆಯೂ ಮೂಗು ಹಿಡಿದು ನಿಲ್ಲಲಿಲ್ಲ. ಎಮಿಷನ್ ಸೆಂಟರುಗಳ ಕಂಪ್ಯೂಟರ್ ದಾಖಲೆಯನ್ನೇ ಜಾಲಾಡಿದರು. ಸಿಕ್ಕಿದ್ದೇನು? 1.08 ಲಕ್ಷ ಗಾಡಿಗಳ ರೀಡಿಂಗ್ ಮಿತಿ ಮೀರಿದ್ದರೂ ‘ಪಾಸ್’ ಅಂತ ಸರ್ಟಿಫಿಕೇಟ್ ಹೋಗಿದೆ. 7,643 ಕಡೆ ಒಂದೇ ಸೆಂಟರಿನಲ್ಲಿ ಒಂದೇ ಹೊತ್ತಿಗೆ ಒಂದಕ್ಕಿಂತ ಹೆಚ್ಚು ಗಾಡಿ ಟೆಸ್ಟ್ ಆಗಿವೆ. 76,865 ಸಲ ಟೆಸ್ಟ್ ಮಾಡಿ ಸರ್ಟಿಫಿಕೇಟ್ ಕೊಡೋಕೆ ಹಿಡಿದದ್ದು ಒಂದೇ ನಿಮಿಷ.

ಇದರಲ್ಲಿ ನನಗೆ ಆಶ್ಚರ್ಯ ಆಗಿದ್ದು ಮೊದಲನೆಯದು. ಮಿತಿ ಎಷ್ಟು ಅಂತ ಕಂಪ್ಯೂಟರಿಗೆ ಗೊತ್ತು, ರೀಡಿಂಗ್ ಎಷ್ಟು ಅಂತಲೂ ಗೊತ್ತು. ಆದರೂ ಪಾಸ್ ಅಂತ ಪ್ರಿಂಟ್ ಹಾಕಿದೆ! ಎರಡು ಅಂಕಿಗಳಲ್ಲಿ ಯಾವುದು ದೊಡ್ಡದು ಅಂತ ನೋಡೋಕೆ ಒಂದು ಸಾಲಿನ ಕೋಡ್ ಸಾಕು.

ನಿಮ್ಮ 0.41 ವಿಷಯಕ್ಕೆ ಬರೋಣ. ನಿಜವಾದ ಅಳತೆ ಯಾವಾಗಲೂ ಚದುರಿಕೊಂಡಿರುತ್ತದೆ. ಒಂದು ಸೆಂಟರಿನ ಒಂದು ವರ್ಷದ ಡೀಸೆಲ್ ರೀಡಿಂಗ್ ತೆಗೆದು ಸಾಲಾಗಿ ಜೋಡಿಸಿ. ಅದರಲ್ಲಿ 0.41, 0.43, 0.41, 0.42 ಅಂತಲೇ ಬರುತ್ತಿದ್ದರೆ, ಒಂದೇ ಒಂದು ಫೇಲ್ ಇಲ್ಲದಿದ್ದರೆ, ಅಲ್ಲಿ ಏನೋ ಇದೆ ಅಂತ ಅರ್ಥ. ಇದಕ್ಕೆ ಕೃತಕ ಬುದ್ಧಿಮತ್ತೆಯೂ ಬೇಡ, ಮಣ್ಣಂಗಟ್ಟಿಯೂ ಬೇಡ. ಎಕ್ಸೆಲ್ ಸಾಕು.

ಮಳೆನಾಡು ಮಾರಾಯ

ಅದು ದೆಹಲಿ ಮೇಡಂ. ನಮ್ಮಲ್ಲಿ ಗಾಳಿ ಚೆನ್ನಾಗಿದೆ. ಸುಮ್ನೆ ಯಾಕೆ ರಾಡಿ?

ಪ್ರೋಬ್ ಹಿಡಿದ ಕೈ (ಜಿಲ್ಲೆಯ ಒಂದು ಊರು)

ಎಲ್ಲರೂ ಸೆಂಟರಿನವರ ಮೇಲೇ ಬಿದ್ದಿದ್ದೀರಿ. ನಾನು ಒಂದು ಸೆಂಟರ್ ನಡೆಸುವವನು. ಊರು ಹೇಳಲ್ಲ.

ಒಂದು ಗಾಡಿ ಫೇಲ್ ಮಾಡಿ ನೋಡಿ ಏನಾಗುತ್ತದೆ ಅಂತ. ಗಿರಾಕಿ ಎರಡು ಬೈದು ಎದುರಿನ ಸೆಂಟರಿಗೆ ಹೋಗುತ್ತಾನೆ. ಅಲ್ಲಿ ಪಾಸ್ ಆಗುತ್ತದೆ. ನನ್ನ ಗಿರಾಕಿಯೂ ಹೋದ, ಅವನ ಗೆಳೆಯರೂ ಹೋದರು. ಶುಲ್ಕ ಸರ್ಕಾರ ಗೊತ್ತು ಮಾಡಿದ್ದು. ಮಿಷಿನ್ನಿನ ಕ್ಯಾಲಿಬ್ರೇಷನ್ (ಅಳತೆ ಸರಿ ಇದೆಯಾ ಅಂತ ನೋಡಿಸೋದು), ಫಿಲ್ಟರ್, ಇಂಟರ್ನೆಟ್, ಬಾಡಿಗೆ, ಹುಡುಗನ ಸಂಬಳ ಎಲ್ಲ ಅದರಲ್ಲೇ ಆಗಬೇಕು. ಡೀಸೆಲ್ ಗಾಡಿ ಸರಿಯಾಗಿ ಟೆಸ್ಟ್ ಮಾಡಿದರೆ ಕಾಲು ಗಂಟೆ ಬೇಕು. ಹಿಂದೆ ಸಾಲು ನಿಂತವರು ಹಾರ್ನ್ ಹೊಡೆಯುತ್ತಾರೆ.

ರೇಸ್ ಮಾಡಿ ಅಂದರೆ ಅರ್ಧ ಜನ ಒಪ್ಪಲ್ಲ. ‘ಇಂಜಿನ್ ಹೋದರೆ ನೀನು ಕೊಡ್ತೀಯಾ’ ಅನ್ನುತ್ತಾರೆ. ಟೈಮಿಂಗ್ ಬೆಲ್ಟ್ ಹಳೆಯದಾಗಿದ್ದರೆ ನಿಜವಾಗಿಯೂ ಹೋಗುತ್ತದೆ. ಆಗ ಯಾರು ಹೊಣೆ?

ಸರಿಯಾಗಿ ಮಾಡುವವನಿಗೆ ಏನಾದರೂ ಲಾಭ ಇರಬೇಕು ಅಲ್ವಾ. ಕಡೂರಿನ ಮೇಡಂ ಹೇಳಿದಂತೆ ದಾಖಲೆ ನೋಡಿ ಕಳ್ಳಾಟದವರನ್ನು ಹಿಡಿದರೆ ಮೊದಲು ಖುಷಿಪಡುವವನು ನಾನು.

ಬ್ರೇಕ್ ಇನ್‌ಸ್ಪೆಕ್ಟರ್ ಅಲ್ಲ

ನ್ಯಾಯವಾದ ಮಾತು. ಇದರ ಜೊತೆ ಇನ್ನೊಂದು ಸೇರಿಸುತ್ತೇನೆ. ತಿರಸ್ಕಾರದ ಚೀಟಿ ನಿಯಮದಲ್ಲಿದೆ ಅಂದೆನಲ್ಲ, ಅದು ಸರಿಯಾಗಿ ದಾಖಲಾದರೆ ಎದುರಿನ ಸೆಂಟರಿನವರಿಗೆ ‘ಈ ಗಾಡಿ ಅರ್ಧ ಗಂಟೆ ಹಿಂದೆ ಫೇಲಾಗಿದೆ’ ಅಂತ ಪರದೆ ಮೇಲೆ ಕಾಣಿಸಬಹುದು. ರಿಪೇರಿ ಬಿಲ್ಲು ತೋರಿಸು ಅನ್ನಬಹುದು. ಗಿರಾಕಿ ಟೆಸ್ಟಿಗೂ ಮುಂಚೆಯೇ ಬಾಯಿಮಾತಿನಲ್ಲಿ ‘ಪಾಸ್ ಆಗುತ್ತಾ’ ಅಂತ ಕೇಳಿಕೊಂಡು ಹೋಗಿಬಿಟ್ಟರೆ ಮಾತ್ರ ಯಾವ ವ್ಯವಸ್ಥೆಗೂ ಗೊತ್ತಾಗಲ್ಲ.

ವಿಮೆ ಬಗ್ಗೆ ಯಾರೋ ಇನ್‌ಬಾಕ್ಸಿನಲ್ಲಿ ಕೇಳಿದರು. ಪಿಯುಸಿ, ಅಂದರೆ ಇದೇ ಎಮಿಷನ್ ಸರ್ಟಿಫಿಕೇಟ್, ಇಲ್ಲದಿದ್ದರೆ ವಿಮೆ ನವೀಕರಿಸಬೇಡಿ ಅಂತ ಸುಪ್ರೀಂ ಕೋರ್ಟ್ 2017ರ ಆಗಸ್ಟ್‌ನಲ್ಲಿ ಹೇಳಿತ್ತು. 2024ರ ಜುಲೈನಲ್ಲಿ ಆ ಷರತ್ತನ್ನು ಸಡಿಲಿಸಿತು. ಅಪಘಾತದ ಹೊತ್ತಿಗೆ ಪಿಯುಸಿ ಇರಲಿಲ್ಲ ಅಂತ ಕ್ಲೇಮ್ ತಿರಸ್ಕರಿಸೋದು ಬೇರೆ ವಿಷಯ, ಹಾಗೆ ಮಾಡುವಂತಿಲ್ಲ. 2020ರಲ್ಲಿ ವಾಟ್ಸಾಪಿನಲ್ಲಿ ಹರಿದಾಡಿದ್ದು ಸುಳ್ಳು.

ಕಲ್ಯಾಣ ನಗರದ ಕಿಟಕಿ (ಚಿಕ್ಕಮಗಳೂರು)

ಗಾಳಿ ಚೆನ್ನಾಗಿದೆ ಅಂದ ಮಾರಾಯರಿಗೆ. ಇರಬಹುದು. ನಮ್ಮೂರಿನ ಅಳತೆ ಕೇಂದ್ರ ನಮ್ಮ ಬಡಾವಣೆಯಲ್ಲೇ ಇದೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದ್ದು. ದಿನದ 24 ಗಂಟೆ ತಾನೇ ಅಳೆದು ಕೇಂದ್ರ ಮಂಡಳಿಯ ಜಾಲಕ್ಕೆ ಕಳಿಸುತ್ತದೆ. ‘ಸಮೀರ್’ ಆ್ಯಪ್ ಹಾಕಿಕೊಂಡರೆ ಫೋನಿನಲ್ಲೇ ಕಾಣುತ್ತದೆ.

ಆದರೆ ಇದು ಮನೆಗಳ ನಡುವಿನ ಜಾಗ. ಐ.ಜಿ. ರಸ್ತೆಯಲ್ಲಿ ಶನಿವಾರ ಸಂಜೆ ನಿಂತ ಗಾಡಿಗಳ ನಡುವೆ ನಡೆದು ಹೋಗುವವರು ಕುಡಿಯೋ ಗಾಳಿ ಇದಲ್ಲ. ಹನುಮಂತಪ್ಪ ಸರ್ಕಲ್ ಹತ್ತಿರ ಟೀ ಅಂಗಡಿ ಇಟ್ಟುಕೊಂಡವರ ಗಾಳಿಯೂ ಇದಲ್ಲ. ಅಲ್ಲಿ ಅಳೆಯೋರು ಯಾರೂ ಇಲ್ಲ.

ಆ್ಯಪಿನಲ್ಲಿ ಬರೋ ಎಕ್ಯೂಐ (ಗಾಳಿ ಗುಣಮಟ್ಟದ ಸೂಚ್ಯಂಕ) ಬಗ್ಗೆಯೂ ಒಂದು ಮಾತು. ಅದು ಸರಾಸರಿ ಅಲ್ಲ. ಅಳೆದ ವಸ್ತುಗಳಲ್ಲಿ ಯಾವುದು ಅತಿ ಕೆಟ್ಟದಾಗಿದೆಯೋ ಅದರ ಅಂಕಿಯೇ ಊರಿನ ಅಂಕಿ. ನಮ್ಮ ಕಡೆ ಅದು ಹೆಚ್ಚಾಗಿ ಧೂಳಿನ ಕಣವೇ ಆಗಿರುತ್ತದೆ. ಹಾಗಾಗಿ ಗಾಡಿಯಿಂದ ಬರೋ ನೈಟ್ರೋಜನ್ ಡೈಆಕ್ಸೈಡ್ ಏರಿದರೂ ಇಳಿದರೂ ಆ ದೊಡ್ಡ ಹಸಿರು ಸಂಖ್ಯೆಯಲ್ಲಿ ಗೊತ್ತೇ ಆಗಲ್ಲ. ಅದನ್ನು ಬೇರೆಯಾಗಿ ತೆಗೆದು ನೋಡಬೇಕು.

ಕಡೂರು ಜಂಕ್ಷನ್

ಕಿಟಕಿಯವರೇ, ತುಂಬ ಒಳ್ಳೆಯ ಮಾತು ಎತ್ತಿದಿರಿ. ಕೇಂದ್ರ ಮಂಡಳಿಯ ವೆಬ್‌ಸೈಟಿನಲ್ಲಿ ಆ ಕೇಂದ್ರದ ಗಂಟೆ ಗಂಟೆಯ ಅಂಕಿ ಡೌನ್‌ಲೋಡ್ ಮಾಡಬಹುದು. ನೈಟ್ರೋಜನ್ ಡೈಆಕ್ಸೈಡ್ ಮತ್ತು ಕಾರ್ಬನ್ ಮೋನಾಕ್ಸೈಡ್ ಕಾಲಂ ಮಾತ್ರ ಇಟ್ಟುಕೊಳ್ಳಿ. ವಾರದ ದಿನಗಳನ್ನು ಬೇರೆ ಮಾಡಿ. ಬೇರೆ ಊರುಗಳಲ್ಲಿ ಭಾನುವಾರ ಆಫೀಸು-ಶಾಲೆ ರಜೆ, ಗಾಡಿ ಕಡಿಮೆ, ಅಂಕಿ ಇಳಿಯುತ್ತದೆ. ನಮ್ಮೂರಲ್ಲಿ ಶನಿವಾರ-ಭಾನುವಾರವೇ ಜಾತ್ರೆ. ಆ ಎರಡು ದಿನ ಅಂಕಿ ಏರುತ್ತಿದ್ದರೆ ಅದು ಪ್ರವಾಸಿ ಗಾಡಿಗಳ ಗುರುತು. ಕೇಂದ್ರ ರಸ್ತೆಯಿಂದ ದೂರ ಇದ್ದರೂ ಸ್ವಲ್ಪ ಸುಳಿವು ಸಿಗಬೇಕು. ಯಾರಾದರೂ ಕಾಲೇಜು ಹುಡುಗರು ಪ್ರಾಜೆಕ್ಟ್ ಮಾಡಬಹುದು.

ತೋಟದ ಪಿಕಪ್ ಅವರ ಮೂಲ ಪ್ರಶ್ನೆಗೆ ಈಗ ಉತ್ತರ ಕೊಡುತ್ತೇನೆ. ಒಂದು ಊರಿನಲ್ಲಿ ಗಾಡಿಗಳಿಂದ ಎಷ್ಟು ಹೊಗೆ ಬರುತ್ತದೆ ಅಂತ ಲೆಕ್ಕ ಹಾಕೋಕೆ ಮೂರು ಅಂಕಿ ಬೇಕು. ಎಷ್ಟು ಗಾಡಿ ಓಡುತ್ತಿವೆ, ಒಂದೊಂದೂ ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡುತ್ತದೆ, ಕಿಲೋಮೀಟರಿಗೆ ಎಷ್ಟು ಗ್ರಾಂ ಬಿಡುತ್ತದೆ. ಮೂರನ್ನೂ ಗುಣಿಸಬೇಕು.

ಮೊದಲನೆಯದು ವಾಹನ್‌ನಲ್ಲಿ ಇದೆ. ‘ವಾಹನ್ ಡ್ಯಾಶ್‌ಬೋರ್ಡ್’ ಅಂತ ಹುಡುಕಿ, ಯಾರು ಬೇಕಾದರೂ ನೋಡಬಹುದು, ಲಾಗಿನ್ ಬೇಡ. ರಾಜ್ಯ ಕರ್ನಾಟಕ, ಆರ್‌ಟಿಓ ಕೆಎ-18 ಆರಿಸಿ. ಒಂದು ಕಡೆ ಬಿಎಸ್ ದರ್ಜೆ, ಇನ್ನೊಂದು ಕಡೆ ಇಂಧನ ಹಾಕಿ. ಯಾವ ವರ್ಷ ಎಷ್ಟು ಬಿಎಸ್-3 ಡೀಸೆಲ್, ಎಷ್ಟು ಬಿಎಸ್-6 ಪೆಟ್ರೋಲ್ ನೋಂದಣಿಯಾಗಿದೆ ಅಂತ ಪಟ್ಟಿ ಬರುತ್ತದೆ. ಆದರೆ ಅದು ನೋಂದಣಿ ಲೆಕ್ಕ. ಅದರಲ್ಲಿ ಎಷ್ಟು ಗಾಡಿ ಗುಜರಿಗೆ ಹೋಗಿವೆ, ಎಷ್ಟು ಶೆಡ್ಡಿನಲ್ಲಿ ಕೋಳಿ ಗೂಡಾಗಿವೆ, ಎಷ್ಟು ಹಾಸನ-ಮಂಗಳೂರಿಗೆ ಮಾರಾಟವಾಗಿವೆ, ಪೂರ್ತಿ ಗೊತ್ತಾಗಲ್ಲ.

ಇಲ್ಲೇ ಎಮಿಷನ್ ದಾಖಲೆ ಉಪಯೋಗಕ್ಕೆ ಬರೋದು! ಈ ವರ್ಷ ಟೆಸ್ಟ್ ಮಾಡಿಸಿದ ಗಾಡಿ ಅಂದರೆ ಜೀವಂತ ಇರೋ ಗಾಡಿ. ರೀಡಿಂಗ್ ಸುಳ್ಳೇ ಇದ್ದರೂ ಗಾಡಿ ಓಡುತ್ತಿರೋದು ನಿಜ. ಟೆಸ್ಟ್ ಮಾಡಿಸುವಾಗ ಮೀಟರಿನ ಕಿಲೋಮೀಟರ್ ಬರೆದುಕೊಂಡರೆ ಎರಡನೇ ಅಂಕಿಯೂ ಸಿಕ್ಕಿತು. ಹೋದ ವರ್ಷ 62,000, ಈ ವರ್ಷ 81,000 ಅಂದರೆ ಲೆಕ್ಕ ಮುಗಿಯಿತಲ್ಲ. ಅದಕ್ಕೆ ಹೊಸ ಮಿಷಿನ್ ಬೇಡ, ಒಂದು ಖಾನೆ ಸಾಕು.

ಮೂರನೆಯದು ಮಾತ್ರ ಈ ಟೆಸ್ಟಿನಿಂದ ಸಿಗಲ್ಲ. ಪೆಟ್ರೋಲ್ ಗಾಡಿಗೆ ನೋಡೋದು ಕಾರ್ಬನ್ ಮೋನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್. ಅದೂ ನಿಂತಲ್ಲಿ. ಡೀಸೆಲ್‌ಗೆ ಹೊಗೆ ಎಷ್ಟು ಕಪ್ಪು ಅನ್ನೋದು. ನೈಟ್ರೋಜನ್ ಆಕ್ಸೈಡ್ ನೋಡೋದೇ ಇಲ್ಲ. ಕಣಗಳ ತೂಕವೂ ಇಲ್ಲ, ಎಣಿಕೆಯೂ ಇಲ್ಲ.

ಹೋಂಸ್ಟೇ ಹೆಂಚು (ಕೈಮರ ಕಡೆ)

ಕೆಎ-18 ಲೆಕ್ಕ ಹಾಕಿ ಏನು ಮಾಡುತ್ತೀರಿ ಅಕ್ಕ? ವೀಕೆಂಡ್‌ನಲ್ಲಿ ನಮ್ಮ ಗೇಟಿನ ಮುಂದೆ ನಿಂತು ನೋಡಿ. ಕೆಎ-01ರಿಂದ ಶುರುವಾಗಿ 05, 50, 51, 53. ನಮ್ಮ ಜಿಲ್ಲೆಯ ನಂಬರ್ ಹುಡುಕಬೇಕು. ಎಲ್ಲ ಬೆಂಗಳೂರು ಗಾಡಿಗಳು. ಅವುಗಳ ಎಮಿಷನ್ ಬೆಂಗಳೂರಿನಲ್ಲಿ ಆಗಿರುತ್ತದೆ, ಹೊಗೆ ಮಾತ್ರ ನಮಗೆ.

ಒಂದು ವಿಷಯ ಹೊಳೆಯಿತು. ಈಗ ಗಿರಿಗೆ ಹೋಗೋಕೆ ಆನ್‌ಲೈನ್ ಬುಕಿಂಗ್ ಮಾಡಿದ್ದಾರಲ್ಲ. ಮುಂಚೆಯೇ ಗಾಡಿ ನಂಬರ್ ಸರ್ಕಾರದ ಕೈಗೆ ಬರುತ್ತದೆ. ಆ ನಂಬರ್ ವಾಹನ್‌ನಲ್ಲಿ ಹಾಕಿದರೆ ಬಿಎಸ್ ಎಷ್ಟು, ಡೀಸೆಲ್ಲೋ ಪೆಟ್ರೋಲೋ, ಪಿಯುಸಿ ಇದೆಯೋ ಎಲ್ಲ ಬರುತ್ತೆ ತಾನೇ? ಒಂದು ಭಾನುವಾರ ಮುಳ್ಳಯ್ಯನಗಿರಿ ಹತ್ತಿದ ಗಾಡಿಗಳ ಪೂರ್ತಿ ಜಾತಕ ಸಿಕ್ಕಿದ ಹಾಗಾಯಿತು. ಇದಕ್ಕಿಂತ ಚೆನ್ನಾದ ಲೆಕ್ಕ ಬೆಂಗಳೂರಿನಲ್ಲೂ ಇರಲಿಕ್ಕಿಲ್ಲ.

ಕಡೂರು ಜಂಕ್ಷನ್

ವಾಹ್! ಇದು ನನಗೆ ಹೊಳೆದಿರಲಿಲ್ಲ. ಕಿಲೋಮೀಟರೂ ಗೊತ್ತು. ಚೆಕ್‌ಪೋಸ್ಟಿನಿಂದ ಮೇಲಕ್ಕೆ, ಮತ್ತೆ ಕೆಳಕ್ಕೆ. ಎಲ್ಲ ಗಾಡಿಗೂ ಅಷ್ಟೇ.

ಗೂಡಂಗಡಿ ವಕೀಲ (ತರೀಕೆರೆ)

ಸ್ವಲ್ಪ ನಿಧಾನ. ಬುಕಿಂಗ್‌ಗೆ ಕೊಟ್ಟ ನಂಬರನ್ನು ಇನ್ನೊಂದು ಕೆಲಸಕ್ಕೆ ಬಳಸಬಹುದಾ? ಯಾರು ಯಾವ ದಿನ ಎಲ್ಲಿಗೆ ಹೋದರು ಅನ್ನೋ ಪಟ್ಟಿ ಅದು. ಹೊಗೆ ಲೆಕ್ಕ ಅಂತ ಶುರುವಾಗಿ ಎಲ್ಲಿಗೆ ಹೋಗಿ ನಿಲ್ಲುತ್ತದೋ.

ಹಿಂದೆ ಆಗಿದೆ. 2019ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಾಹನ್ ಮಾಹಿತಿಯನ್ನು ಸಗಟಾಗಿ ಮಾರುವ ನೀತಿ ತಂದಿತ್ತು. ಖಾಸಗಿ ಕಂಪನಿಗಳಿಗೆ ವರ್ಷಕ್ಕೆ 3 ಕೋಟಿ ರೂಪಾಯಿ. ಗೋಪ್ಯತೆಯ ತಕರಾರು ಬಂದು 2020ರ ಜೂನ್‌ನಲ್ಲಿ ಆ ನೀತಿಯನ್ನೇ ಕೈಬಿಟ್ಟರು. ಈಗ 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಯೂ ಬಂದಿದೆ.

ಬೇಡ ಅನ್ನುತ್ತಿಲ್ಲ. ನಂಬರ್ ಆಚೆ ಬರಬಾರದು. ಒಳಗೇ ತಾಳೆ ನೋಡಿ, ‘ಈ ತಿಂಗಳು ಹೋದ ಡೀಸೆಲ್ ಗಾಡಿಗಳಲ್ಲಿ ಇಷ್ಟು ಬಿಎಸ್-4’ ಅನ್ನೋ ಒಟ್ಟು ಲೆಕ್ಕ ಮಾತ್ರ ಹೊರಗೆ ಕೊಡಬೇಕು.

ಹೋಂಸ್ಟೇ ಹೆಂಚು

ನನಗೂ ಯಾರ ನಂಬರೂ ಬೇಡ ವಕೀಲರೇ. ನಮ್ಮ ಗೆಸ್ಟುಗಳೇ ಓಡಿ ಹೋಗುತ್ತಾರೆ ಆಮೇಲೆ.

ಎಸ್ಟೇಟ್ ರೈಟರ್ (ಮಲ್ಲಂದೂರು)

ಬಿಎಸ್-6 ಬಂದ ಮೇಲೆ ಎಲ್ಲ ಸರಿಹೋಯಿತು ಅಂತ ಅಂದುಕೊಂಡವರಿಗೆ ಒಂದು ಮಾತು. 2020ರ ಏಪ್ರಿಲ್ 1ರಿಂದ ಬಂದ ಡೀಸೆಲ್ ಗಾಡಿಗಳಲ್ಲಿ ಹೊಗೆ ಕಣ ಹಿಡಿಯೋ ಫಿಲ್ಟರ್ ಇದೆ, ಡಿಪಿಎಫ್. ಕೆಲವಕ್ಕೆ ಯೂರಿಯಾ ನೀರು ಹಾಕಬೇಕು. ಹೆದ್ದಾರಿಯಲ್ಲಿ ಓಡಿದರೆ ಫಿಲ್ಟರ್ ತಾನೇ ಬಿಸಿಯಾಗಿ ಮಸಿ ಸುಟ್ಟುಕೊಳ್ಳುತ್ತದೆ. ತೋಟದೊಳಗೆ ಒಂದನೇ-ಎರಡನೇ ಗೇರಿನಲ್ಲಿ ದಿನಾ ನಾಲ್ಕು ಕಿಲೋಮೀಟರ್ ಓಡೋ ಗಾಡಿಯಲ್ಲಿ ಅದು ಸುಟ್ಟುಕೊಳ್ಳೋದೇ ಇಲ್ಲ. ಕಟ್ಟಿಕೊಳ್ಳುತ್ತದೆ. ದೀಪ ಹೊತ್ತಿಕೊಳ್ಳುತ್ತದೆ. ಹೊಸ ಫಿಲ್ಟರ್ ಬೆಲೆ ಕೇಳಿದರೆ ಎದೆ ಒಡೆಯುತ್ತದೆ. ಆಗ ಯಾರೋ ಬಂದು ‘ತೆಗೆಸಿಬಿಡಿ ಸಾರ್, ಸಾಫ್ಟ್‌ವೇರ್‌ನಲ್ಲಿ ಆಫ್ ಮಾಡಿಕೊಡುತ್ತೇವೆ’ ಅನ್ನುತ್ತಾರೆ.

ತೆಗೆಸಿದ ಮೇಲೂ ಆ ಗಾಡಿ ಎಮಿಷನ್‌ನಲ್ಲಿ ಪಾಸ್ ಆಗುತ್ತದೆ. ಹೊಸ ಇಂಜಿನ್, ನಿಂತಲ್ಲಿ ಕಪ್ಪು ಹೊಗೆ ಬರಲ್ಲ. ಕಣ್ಣಿಗೆ ಕಾಣದ ಕಣ ಮಾತ್ರ ಹತ್ತಾರು ಪಟ್ಟು ಜಾಸ್ತಿ. ವಾಹನ್‌ನಲ್ಲಿ ಅದು ಬಿಎಸ್-6 ಅಂತಲೇ ಇರುತ್ತದೆ. ಕಡೂರಿನವರ ಲೆಕ್ಕದಲ್ಲೂ ಒಳ್ಳೆಯ ಗಾಡಿ.

ಹಳೇ ಗ್ಯಾರೇಜು

ನಿಜ. ನನ್ನ ಹತ್ತಿರಾನೂ ಕೇಳಿಕೊಂಡು ಬರುತ್ತಾರೆ. ನಾನು ಮಾಡಿಕೊಡಲ್ಲ. ವಾರಕ್ಕೊಮ್ಮೆ ಕಡೂರು ರಸ್ತೆಯಲ್ಲಿ ಮೂರನೇ-ನಾಲ್ಕನೇ ಗೇರಿನಲ್ಲಿ ಅರ್ಧ ಗಂಟೆ ಓಡಿಸಿಕೊಂಡು ಬನ್ನಿ ಅನ್ನುತ್ತೇನೆ. ಅರ್ಧ ಜನಕ್ಕೆ ಅಷ್ಟರಲ್ಲೇ ಸರಿಹೋಗುತ್ತದೆ.

ಕಡೂರು ಜಂಕ್ಷನ್

ಇದಕ್ಕೆ ಯುರೋಪಿನಲ್ಲಿ ಬೇರೆ ಟೆಸ್ಟ್ ತಂದಿದ್ದಾರೆ. ಬೆಲ್ಜಿಯಂ 2022ರಲ್ಲಿ, ನೆದರ್ಲೆಂಡ್ಸ್ ಮತ್ತು ಜರ್ಮನಿ 2023ರಲ್ಲಿ. ಕಪ್ಪು ಎಷ್ಟು ಅಂತ ನೋಡೋ ಬದಲು ಕಣಗಳನ್ನೇ ಎಣಿಸೋ ಮಿಷಿನ್. ಫಿಲ್ಟರ್ ತೆಗೆದ ಗಾಡಿ ತಕ್ಷಣ ಸಿಕ್ಕಿಬೀಳುತ್ತದೆ.

ನಮ್ಮ ದೇಶದಲ್ಲೇ ಇನ್ನೊಂದು ದಾರಿ ಪ್ರಯೋಗವಾಗಿದೆ. ರಸ್ತೆ ಬದಿಯಲ್ಲಿ ಬೆಳಕಿನ ಕಿರಣ ಹಾಯಿಸಿ, ಓಡೋ ಗಾಡಿಯ ಹೊಗೆಯನ್ನು ಅಲ್ಲೇ ಅಳೆಯೋದು. ದೆಹಲಿ-ಗುರುಗ್ರಾಮದಲ್ಲಿ ಹೀಗೆ ಒಂದು ಲಕ್ಷಕ್ಕೂ ಹೆಚ್ಚು ಅಳತೆ ತೆಗೆದ ಅಧ್ಯಯನ 2024ರಲ್ಲಿ ಬಂತು. ಲ್ಯಾಬಿನಲ್ಲಿ ಹೇಳಿದ್ದಕ್ಕೂ ರಸ್ತೆಯಲ್ಲಿ ಬಿಡೋದಕ್ಕೂ ಅಜಗಜಾಂತರ. ಶುದ್ಧ ಅಂತ ಎಲ್ಲರೂ ನಂಬಿದ ಸಿಎನ್‌ಜಿ ಗಾಡಿಗಳೂ ನೈಟ್ರೋಜನ್ ಆಕ್ಸೈಡ್ ಜಾಸ್ತಿ ಬಿಡುತ್ತಿದ್ದವು. ಅಂಥ ಒಂದು ಮಿಷಿನ್ ಕೈಮರದ ಏರಿನಲ್ಲಿ ಒಂದು ವಾರ ಇಟ್ಟರೆ!

ಮಳೆನಾಡು ಮಾರಾಯ

ಇಟ್ಟ ಮರುದಿನ ಮಳೆ ಹೊಡೆದು ಮಿಷಿನ್ ಕೆಟ್ಟಿರುತ್ತದೆ.

ಸರಿ, ತಮಾಷೆ ಬಿಡಿ. ನನಗೆ ಹೆದರಿಕೆ ಇರೋದು ಬೇರೆ. ಇಷ್ಟೆಲ್ಲ ಲೆಕ್ಕ ಹಾಕಿ ಕೊನೆಗೆ ಹೊಡೆತ ಬೀಳೋದು ಹಳೇ ಜೀಪು ಇಟ್ಟುಕೊಂಡು ಹೊಟ್ಟೆ ಹೊರೆಯೋರಿಗೆ. ದೆಹಲಿಯಲ್ಲಿ 2025ರ ಜುಲೈ 1ರಿಂದ ಪೆಟ್ರೋಲ್ ಬಂಕಿನಲ್ಲಿ ಕ್ಯಾಮೆರಾ ಇಟ್ಟು ಹಳೇ ಗಾಡಿಗೆ ಎಣ್ಣೆ ಹಾಕಬೇಡಿ ಅಂದರಲ್ಲ. ಗಲಾಟೆಯಾಗಿ ಕೆಲವೇ ದಿನದಲ್ಲಿ ತಡೆ ಹಿಡಿದರು. ನಮ್ಮಲ್ಲಿ ಬಂದರೆ ತಡೆಯೋರು ಯಾರು? 15 ವರ್ಷ ದಾಟಿದ ಗಾಡಿಗೆ ಹಸಿರು ತೆರಿಗೆ ಕಟ್ಟಿಯೇ ಆರ್‌ಸಿ ನವೀಕರಿಸುತ್ತಿದ್ದೇವೆ.

ಕಡೂರು ಜಂಕ್ಷನ್

ಈ ಹೆದರಿಕೆ ಸರಿಯಾದದ್ದೇ. ಅದಕ್ಕೇ ರೀಡಿಂಗ್ ನಿಜವಾಗಿರಬೇಕು ಅನ್ನೋದು. ದೆಹಲಿಯ ಕ್ಯಾಮೆರಾ ನೋಡಿದ್ದು ಗಾಡಿಯ ವಯಸ್ಸು ಮಾತ್ರ, ಹೊಗೆಯನ್ನಲ್ಲ. ಹಾಗೆ ನೋಡಿದರೆ ಚೆನ್ನಾಗಿ ನೋಡಿಕೊಂಡ 16 ವರ್ಷದ ಜೀಪಿಗೆ ಎಣ್ಣೆ ಇಲ್ಲ, ಫಿಲ್ಟರ್ ಕಿತ್ತ 3 ವರ್ಷದ ಎಸ್‌ಯುವಿಗೆ ಇದೆ. ನಂಬುವಂಥ ರೀಡಿಂಗ್ ಇಲ್ಲದ ಕಡೆ ಸರ್ಕಾರ ಹುಟ್ಟಿದ ದಿನಾಂಕ ನೋಡಿ ಕೈತೊಳೆದುಕೊಳ್ಳುತ್ತದೆ.

ಮಳೆನಾಡು ಮಾರಾಯ

ಹಾಗೆ ಹೇಳಿದರೆ ಸ್ವಲ್ಪ ತಲೆಗೆ ಹೋಯಿತು. ಆದರೆ ಗಾಳಿಗೆ ದುಡ್ಡು ಬರೋದು ದೊಡ್ಡ ಊರುಗಳಿಗೆ ತಾನೇ?

ಕಲ್ಯಾಣ ನಗರದ ಕಿಟಕಿ

ಹೌದು. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ನಾಲ್ಕೇ ಊರು. ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಹೊಗೆ ಯಾವುದರಿಂದ ಎಷ್ಟು ಅನ್ನೋ ಅಧ್ಯಯನಕ್ಕೆ ಅಲ್ಲಿ ದುಡ್ಡಿದೆ. ಗಾಳಿ ಕೆಟ್ಟ ಮೇಲೆ ಮಾತ್ರ ಪಟ್ಟಿಗೆ ಸೇರಿಸೋದು. ಕೆಡದ ಹಾಗೆ ನೋಡಿಕೊಳ್ಳೋ ಊರಿಗೆ ಏನೂ ಇಲ್ಲ.

ತೋಟದ ಪಿಕಪ್

ಹಾಗಾದರೆ ನಾವೇ ಕೇಳೋಣ. ವಕೀಲರೇ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಸೆಂಟರುಗಳ ರೀಡಿಂಗ್ ಕೊಡುತ್ತಾರಾ?

ಗೂಡಂಗಡಿ ವಕೀಲ

ಗಾಡಿ ನಂಬರ್, ಮಾಲೀಕರ ಹೆಸರು ಕೇಳಿದರೆ ಕೊಡಲ್ಲ, ವೈಯಕ್ತಿಕ ಮಾಹಿತಿ ಕೊಡಬೇಕಿಲ್ಲ ಅನ್ನೋ 8(1)(ಜೆ) ಕಲಂ ತೋರಿಸುತ್ತಾರೆ. ನಂಬರ್ ಬಿಟ್ಟು ಕೇಳಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ಆನ್‌ಲೈನಿನಲ್ಲೂ ಹಾಕಬಹುದು. ಗಾಳಿ ಕೇಂದ್ರದ ವಿಷಯ ಇದರಲ್ಲಿ ಸೇರಿಸಬೇಡಿ, ಅದು ಮಂಡಳಿಗೆ ಬೇರೆ ಅರ್ಜಿ.

ತೋಟದ ಪಿಕಪ್

ಕರಡು ಬರೆದಿದ್ದೇನೆ, ನೋಡಿ.

‘ಚಿಕ್ಕಮಗಳೂರು ಜಿಲ್ಲೆಯ ವಾಯು ಮಾಲಿನ್ಯ ತಪಾಸಣಾ ಕೇಂದ್ರಗಳ ಬಗ್ಗೆ, ಕಳೆದ ಹಣಕಾಸು ವರ್ಷಕ್ಕೆ: ಕೇಂದ್ರವಾರು ತಪಾಸಣೆಯಾದ ವಾಹನಗಳ ಸಂಖ್ಯೆ, ಅದರಲ್ಲಿ ತಿರಸ್ಕೃತವಾದವು. ಡೀಸೆಲ್ ವಾಹನಗಳ ರೀಡಿಂಗ್ ಪಟ್ಟಿ, ದಿನಾಂಕ, ಸಮಯ ಮತ್ತು ಬಿಎಸ್ ದರ್ಜೆಯೊಂದಿಗೆ, ನೋಂದಣಿ ಸಂಖ್ಯೆ ಬಿಟ್ಟು. ಈ ಕೇಂದ್ರಗಳನ್ನು ಇಲಾಖೆ ಪರಿಶೀಲಿಸಿದ ದಿನಾಂಕಗಳು, ಪರಿಶೀಲನಾ ವರದಿಯ ಪ್ರತಿ. ಒಂದೂ ವಾಹನ ತಿರಸ್ಕರಿಸದ ಕೇಂದ್ರಗಳ ಮೇಲೆ ಏಕೆ ಕ್ರಮ ಕೈಗೊಂಡಿಲ್ಲ?’

ಪ್ರೋಬ್ ಹಿಡಿದ ಕೈ

ಮಿಷಿನ್ನುಗಳ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ದಿನಾಂಕವನ್ನೂ ಕೇಳಿ. ಅಲ್ಲೇ ಅರ್ಧ ಬಣ್ಣ ಬಯಲಾಗುತ್ತದೆ. ನನ್ನ ಸೆಂಟರೂ ಪಟ್ಟಿಯಲ್ಲಿ ಬರುತ್ತದೆ, ಬರಲಿ.

ಗೂಡಂಗಡಿ ವಕೀಲ

ಚೆನ್ನಾಗಿದೆ. ಪಟ್ಟಿಯನ್ನು ‘ವಿದ್ಯುನ್ಮಾನ ರೂಪದಲ್ಲಿ, ಸಿಡಿ ಅಥವಾ ಇ-ಮೇಲ್ ಮೂಲಕ’ ಅಂತ ಸೇರಿಸಿ. ಇಲ್ಲದಿದ್ದರೆ ಪುಟಕ್ಕೆ ಇಷ್ಟು ಅಂತ ಸಾವಿರಾರು ಪುಟದ ಜೆರಾಕ್ಸ್ ದುಡ್ಡು ಕೇಳುತ್ತಾರೆ. ಕೊನೆಯ ವಾಕ್ಯ ತೆಗೆಯಿರಿ. ‘ಏಕೆ’ ಅಂತ ಕೇಳಿದರೆ ಅದು ಮಾಹಿತಿ ಅಲ್ಲ ಅಂತ ಆ ಭಾಗ ವಾಪಸ್ ಬರುತ್ತದೆ. ‘ಕೈಗೊಂಡ ಕ್ರಮದ ಕಡತದ ಪ್ರತಿ’ ಅಂತ ಕೇಳಿ. ಕಡತ ಇಲ್ಲದಿದ್ದರೆ ಇಲ್ಲ ಅಂತ ಬರೆದು ಕೊಡಬೇಕಾಗುತ್ತದೆ.

ತೋಟದ ಪಿಕಪ್

ಸರಿ ಸರ್. ತಿದ್ದಿ ಸೋಮವಾರ ಹಾಕುತ್ತೇನೆ. ಕಡೂರಿನ ಮೇಡಂ, ಪಟ್ಟಿ ಬಂದರೆ ನಿಮಗೇ ಕಳಿಸುತ್ತೇನೆ.

ಕಡೂರು ಜಂಕ್ಷನ್

ಕಳಿಸಿ. ಮೊದಲು 0.41 ಎಷ್ಟು ಸಲ ಬಂದಿದೆ ಅಂತ ಎಣಿಸುತ್ತೇನೆ. ಎಕ್ಸೆಲ್ ಬದಲು ಪಿಡಿಎಫ್ ಕೊಟ್ಟರೆ ನನಗೆ ಕೆಲಸ ಜಾಸ್ತಿ, ಆಗ ಕೂಲಿಗೆ ನಿಮ್ಮ ತೋಟದ ಒಂದು ಮೂಟೆ ಕಾಫಿ ಕೊಡಬೇಕು.